ಆಫ್ ಮಾಡಿಟ್ಟ ಟಾರ್ಚ್‌ನ ಚಾರ್ಜ್ ಎಲ್ಲಿ ಹೋಯ್ತು?

ಟಾರ್ಚ್ ಆಫ್ ಆಗುವುದರಲ್ಲಿ ಎರಡು ಬಗೆ. ಹಳೆಯ ಎರಡು ಸೆಲ್ಲಿನ ಸ್ಟೀಲ್ ಟಾರ್ಚ್‌ನ ಗುಂಡಿಯನ್ನು ಹಿಂದಕ್ಕೆ ಸರಿಸಿದರೆ ಒಳಗಿನ ತಗಡೂ ನಿಜವಾಗಿಯೇ ಸರಿಯುತ್ತದೆ. ನಡುವೆ ಬರೀ ಗಾಳಿ. ಕರೆಂಟ್ ಹರಿಯಲು ದಾರಿಯೇ ಇಲ್ಲ.

ಈಗಿನ ಅನೇಕ ರೀಚಾರ್ಜಬಲ್ ಟಾರ್ಚ್‌ಗಳಲ್ಲಿ ಹಾಗಲ್ಲ. ಮೆತ್ತಗಿನ ಗುಂಡಿ ಒಮ್ಮೆ ಒತ್ತಿದರೆ ಜೋರು ಬೆಳಕು, ಇನ್ನೊಮ್ಮೆ ಒತ್ತಿದರೆ ಮಂದ, ಒತ್ತಿ ಹಿಡಿದರೆ ಮಿಣಿಮಿಣಿ. ಈ ಗುಂಡಿ ಬೆಳಕಿನ ಕರೆಂಟನ್ನು ಕಡಿಯುವುದೇ ಇಲ್ಲ. ಒಳಗಿರುವ ಪುಟ್ಟ ಚಿಪ್‌ಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಸುದ್ದಿ ಕೇಳಿಸಿಕೊಳ್ಳಬೇಕಾದರೆ ಚಿಪ್ ಎಚ್ಚರವಿರಬೇಕಲ್ವಾ? ಅಂಗಳದ ನಾಯಿಯ ಹಾಗೆ ಒಂದು ಕಿವಿ ತೆರೆದೇ ಮಲಗಿರುತ್ತದೆ. ಆ ಎಚ್ಚರಕ್ಕೆ ಹಗಲೂ ರಾತ್ರಿ ಚೂರುಚೂರು ಕರೆಂಟ್ ಬೇಕು.

ಚೂರು ಅಂದರೆ ಎಷ್ಟು ಅನ್ನುವುದರಲ್ಲೇ ಎಲ್ಲ ಇದೆ. 2500 ಮಿಲಿಆಂಪಿಯರ್-ಗಂಟೆಯ (ಸೆಲ್ಲಿನ ಮೇಲೆ mAh ಅಂತ ಬರೆದಿರುತ್ತದಲ್ಲ, ಅದು) ಲಿಥಿಯಂ ಸೆಲ್ ಇದೆ ಅಂದುಕೊಳ್ಳಿ. ಮಲಗಿದ ಚಿಪ್ 25 ಮೈಕ್ರೊಆಂಪಿಯರ್ (ಸಾವಿರ ಮೈಕ್ರೊ ಸೇರಿದರೆ ಒಂದು ಮಿಲಿ) ಎಳೆದರೆ ಸೆಲ್ ಖಾಲಿಯಾಗಲು ಒಂದು ಲಕ್ಷ ಗಂಟೆ, ಅಂದರೆ 11 ವರ್ಷ ಬೇಕು. ಅದರ ಹತ್ತರಷ್ಟಾದರೆ ಸುಮಾರು 14 ತಿಂಗಳು. ನೂರರಷ್ಟು, ಅಂದರೆ 2.5 ಮಿಲಿಆಂಪಿಯರ್ ಆದರೆ ಬರೀ 41 ದಿನ. ಬೆಳಕು ಉರಿಯುವಾಗಿನ ಲೆಕ್ಕದಲ್ಲಿ 2.5 ಮಿಲಿಆಂಪಿಯರ್ ಏನೇನೂ ಅಲ್ಲ. ಆದರೆ ಕಪಾಟಿನಲ್ಲಿಟ್ಟ ಟಾರ್ಚ್‌ಗೆ ಅದೇ ಗಂಡಾಂತರ.

ಇನ್ನೊಂದು ಕಡೆಯೂ ನೋಡಿ. ಏನೂ ಜೋಡಿಸದೆ ಸುಮ್ನೆ ಇಟ್ಟ ಲಿಥಿಯಂ ಸೆಲ್ ಕೂಡ ತಿಂಗಳಿಗೆ ಸುಮಾರು 2% ಚಾರ್ಜ್ ಕಳೆದುಕೊಳ್ಳುತ್ತದೆ. ನಮ್ಮ ಸೆಲ್ಲಿಗೆ ಲೆಕ್ಕ ಹಾಕಿದರೆ ಇದು ಸುಮಾರು 70 ಮೈಕ್ರೊಆಂಪಿಯರ್ ಎಳೆತಕ್ಕೆ ಸಮ. ಅಂದರೆ 25 ಮೈಕ್ರೊಆಂಪಿಯರ್‌ನ ಚಿಪ್ ನಿರಪರಾಧಿ! ಸೆಲ್ಲೇ ಅದಕ್ಕಿಂತ ಜಾಸ್ತಿ ನುಂಗುತ್ತಿದೆ. ಹಳೆಯ ಬಗೆಯ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳದ್ದು ಇನ್ನೂ ಕಷ್ಟ: ಒಂದೇ ತಿಂಗಳಲ್ಲಿ ಕಾಲು ಭಾಗದಷ್ಟು ಖಾಲಿ. 2005ರಲ್ಲಿ ಸ್ಯಾನ್ಯೊ ಕಂಪನಿಯ ಎನೆಲೂಪ್ ಸೆಲ್ ಬಂದ ಮೇಲೆ ಆ ಜಾತಿಯ ಸೆಲ್ಲಿಗೂ ವರ್ಷಗಟ್ಟಲೆ ಚಾರ್ಜ್ ಹಿಡಿದಿಡುವ ತಾಕತ್ತು ಬಂತು.

ಹಾಗಾಗಿ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸೆಲ್ ಫುಲ್ ಚಾರ್ಜ್ ಮಾಡಿ, ಟಾರ್ಚ್‌ನಿಂದ ಹೊರಗೆ ತೆಗೆದು, ಕೆಲವು ವಾರ ಬೇರೆ ಇಡಿ. ಆಗಲೂ ಖಾಲಿಯಾದರೆ ಸೆಲ್ಲಿಗೇ ವಯಸ್ಸಾಗಿದೆ. ಟಾರ್ಚ್ ಬಿಚ್ಚಿ ಕೂರುವುದು ದಂಡ.

ಎರಡನೆಯದು ನನಗೆ ಇಷ್ಟವಾದ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಆಫ್ ಮಾಡಿದ ಟಾರ್ಚ್‌ನ ಎಲ್‌ಇಡಿಯನ್ನು ನೇರವಾಗಿ ನೋಡಿ. ಅಕಸ್ಮಾತ್ ಟಾರ್ಚ್ ಹೊತ್ತಿಸಬೇಡಿ ಮತ್ತೆ! ಹಳದಿ ಚುಕ್ಕೆಯಲ್ಲಿ ಮಸುಕು ಹೊಳಪು ಕಂಡರೆ ಕರೆಂಟ್ ಸೋರುತ್ತಿದೆ ಎಂದೇ ಅರ್ಥ. ಎಲ್‌ಇಡಿ ಕೆಲವೇ ಮೈಕ್ರೊಆಂಪಿಯರ್‌ಗೂ ಮಿನುಗುತ್ತದೆ. ಹಳೆಯ ಫಿಲಮೆಂಟ್ ಬಲ್ಬು ಈ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ, ತಂತಿ ಕೆಂಪಾಗಲು ಅದಕ್ಕೆ ಎಷ್ಟೋ ಪಟ್ಟು ಕರೆಂಟ್ ಬೇಕಿತ್ತು. ಆದರೆ ಹೊಳಪು ಕಾಣಲಿಲ್ಲ ಅಂದಮಾತ್ರಕ್ಕೆ ಸೋರಿಕೆಯೇ ಇಲ್ಲ ಅಂತಲ್ಲ. ಎಲ್‌ಇಡಿಯನ್ನು ದಾಟದೆ ಬೇರೆ ದಾರಿಯಲ್ಲೂ ಕರೆಂಟ್ ಹೋಗಬಹುದು. ಗುಂಡಿಯ ಸುತ್ತ ಸದಾ ಉರಿಯುವ ಹಸಿರು ದೀಪವಿದ್ದರೆ, ಅದೂ ಸೆಲ್ಲಿನ ಅನ್ನವನ್ನೇ ಉಣ್ಣುತ್ತಿದೆ.

ಮಲ್ಟಿಮೀಟರ್ ಇದ್ದರೆ ಅಳತೆಯೇ ಸಿಗುತ್ತದೆ. ಗುಂಡಿ ಪಕ್ಕದಲ್ಲಿರುವ ಟಾರ್ಚ್ ಆದರೆ ಹಿಂದಿನ ಮುಚ್ಚಳ ಬಿಚ್ಚಿ. ಕೆಂಪು ತಂತಿಯನ್ನು ಮೀಟರಿನ 10 ಆಂಪಿಯರ್ ತೂತಿಗೆ ಹಾಕಿ. ಒಂದು ಮೊನೆ ಸೆಲ್ಲಿನ ಹಿಂಭಾಗಕ್ಕೆ, ಇನ್ನೊಂದು ಕೊಳವೆಯ ಅಂಚಿನ ಬಣ್ಣವಿಲ್ಲದ ಲೋಹಕ್ಕೆ. ಮುಟ್ಟಿಸಿದ ಕ್ಷಣ ಚಿಪ್ ಎದ್ದು ಒಮ್ಮೆ ಕಣ್ಣು ಮಿಟುಕಿಸಬಹುದು, ಮತ್ತೆ ಮಲಗಲು ಬಿಡಿ. ಅಂಕಿ ಸೊನ್ನೆಯ ಹತ್ತಿರವಿದ್ದರೆ ಮಾತ್ರ ಸಣ್ಣ ರೇಂಜಿಗೆ ಬನ್ನಿ. ಸಣ್ಣ ರೇಂಜಿನಲ್ಲಿ ಗುಂಡಿ ಒತ್ತಿದಿರೋ, ಮೀಟರಿನ ಫ್ಯೂಸ್ ಹೋಯಿತು. ಇನ್ನೊಂದು ಮಾತು: ಆಂಪಿಯರ್‌ಗೆ ಇಟ್ಟ ಮೀಟರಿನ ಮೊನೆಗಳನ್ನು ಸೆಲ್ಲಿನ ಎರಡು ತುದಿಗೆ ಎಂದೂ ಮುಟ್ಟಿಸಬೇಡಿ. ಅದು ನೇರ ಶಾರ್ಟ್. ಲಿಥಿಯಂ ಸೆಲ್ಲಿನ ಜೊತೆ ಆ ಆಟ ಬೇಡ.

ಸ್ವಿಚ್ಚು ಹಿಂದಿನ ಮುಚ್ಚಳದಲ್ಲೇ ಇದ್ದರೆ ಈ ವಿಧಾನ ನಡೆಯುವುದಿಲ್ಲ, ನೀವು ಸ್ವಿಚ್ಚನ್ನೇ ದಾಟಿಬಿಟ್ಟಿರುತ್ತೀರಿ, ಟಾರ್ಚ್ ಉರಿಯುತ್ತದೆ. ಅಲ್ಲಿ ಬಿಚ್ಚಿದ ಮುಚ್ಚಳವನ್ನಷ್ಟೇ ತೆಗೆದುಕೊಂಡು, ಸ್ಪ್ರಿಂಗಿಗೂ, ಕೊಳವೆಯ ಅಂಚು ತಾಗುವ ಬಣ್ಣವಿಲ್ಲದ ಲೋಹಕ್ಕೂ ಮೀಟರನ್ನು ಓಮ್ ರೇಂಜಿನಲ್ಲಿ ಹಿಡಿಯಿರಿ. ಮೆಕ್ಯಾನಿಕಲ್ ಸ್ವಿಚ್ಚು ಆಫ್ ಇದ್ದಾಗ ಯಾವ ಅಂಕಿಯೂ ಬರಬಾರದು. ಬಂದರೆ ಒಳಗೆ ತೇವವೋ ಕಿಲುಬೋ ಸೇರಿಕೊಂಡಿದೆ. ಮಲೆನಾಡಿನ ಜಡಿಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಇದು ಆಗುವುದುಂಟು. ಒರೆಸಿ ಚೆನ್ನಾಗಿ ಒಣಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಚಿಪ್‌ನದ್ದೇ ತಪ್ಪಾದರೆ ಅದನ್ನು ರಿಪೇರಿ ಮಾಡುವ ಗೋಜು ಬೇಡ. ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ಒಳ್ಳೆಯ ಅಲ್ಯೂಮಿನಿಯಂ ಟಾರ್ಚ್‌ಗಳ ಮರೆಯ (ಮುಚ್ಚಳ ತಿರುಗಿಸಿ ಕೂರಿಸುವ ಸುರುಳಿ ಗೆರೆಗಳ) ಮೇಲೆ ಆನೊಡೈಸ್ ಮಾಡಿದ ಪದರ ಇರುತ್ತದೆ. ಅದು ಅಲ್ಯೂಮಿನಿಯಂ ಆಕ್ಸೈಡ್, ಕರೆಂಟ್ ಬಿಡುವುದಿಲ್ಲ. ಅಂಚು ಮೇಲೆದ್ದ ಕೂಡಲೇ ಸಂಪರ್ಕ ತಪ್ಪುತ್ತದೆ. ಸಡಿಲಿಸಿದ ಮೇಲೂ ಗುಂಡಿ ಒತ್ತಿದಾಗ ಬೆಳಕು ಬಂತಾ? ಹಾಗಾದರೆ ಮರೆಯ ಲೋಹ ಬತ್ತಲಾಗಿದೆ. ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕತ್ತರಿಸಿ ಇಟ್ಟರೆ ಸಾಕು.