ಪಿಕಪ್ ಟೈರಿನ ಗಾಳಿ: ಖಾಲಿ ಗಾಡಿಗೊಂದು ಲೆಕ್ಕ, ತುಂಬಿದ ಗಾಡಿಗೊಂದು

ಪಿಕಪ್ ವಾಹನದ ಹಿಂದಿನ ಟೈರನ್ನು ರಿಮ್ಮಿನಿಂದ ಬಿಡಿಸಿ ನೆಲಕ್ಕೆ ಒರಗಿಸಿದಾಗ ಅದರೊಳಗಿಂದ ಕೆಲವೊಮ್ಮೆ ಕಾಡಿಗೆಯಂಥ ನುಣುಪಾದ ಕಪ್ಪು ಪುಡಿ ಸುರಿಯುತ್ತದೆ. ಒಳಗೆ ಕೈಯಾಡಿಸಿದರೆ ಪಕ್ಕದ ಗೋಡೆಯ ಸುತ್ತ ಬಳೆಯ ಹಾಗೆ ಸುಕ್ಕುಗಟ್ಟಿದ ಪಟ್ಟಿಯೊಂದು ಬೆರಳಿಗೆ ತಾಗುತ್ತದೆ. ಹೊರಗಿನಿಂದ ನೋಡಿದರೆ ನೆಲಕ್ಕೆ ತಾಗುವ ಟ್ರೆಡ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುವುದರಿಂದ, ಪಂಕ್ಚರ್ ಹಾಕಿಕೊಟ್ಟರೆ ಸಾಕೆಂದು ಮಾಲೀಕರು ಕೇಳುವುದು ಸಹಜ. ಆದರೆ ಅಂಥ ಟೈರಿಗೆ ನಾನು ಮತ್ತೆ ಗಾಳಿ ತುಂಬುವುದಿಲ್ಲ. ಗಾಳಿ ಸಾಲದೆ ಭಾರ ಹೊತ್ತು ಓಡಿದ್ದರಿಂದ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಂಡು, ಒಳಗಿನ ರಬ್ಬರ್ ತನ್ನನ್ನು ತಾನೇ ಅರೆದುಕೊಂಡ ಪುಡಿ ಅದು. ಆ ಗೋಡೆಯೊಳಗಿನ ದಾರಗಳು ಎಷ್ಟು ಬಲ ಕಳೆದುಕೊಂಡಿವೆ ಎಂಬುದನ್ನು ಯಾವ ಕಣ್ಣೂ ಹೇಳಲಾರದು.

ಈ ಸ್ಥಿತಿಗೆ ಬಂದ ಟೈರುಗಳ ಮಾಲೀಕರಲ್ಲಿ ಬಹಳಷ್ಟು ಮಂದಿ ಅಜಾಗರೂಕರಲ್ಲ. ಅವರು ತಿಂಗಳಿಗೊಮ್ಮೆ ತಪ್ಪದೆ ಗಾಳಿ ನೋಡಿಸಿದವರೇ ಆಗಿರುತ್ತಾರೆ; ಆದರೆ ಖಾಲಿ ಗಾಡಿಗೆ ಹೊಂದುವ ಅಂಕಿಯಲ್ಲೇ ತುಂಬಿದ ಗಾಡಿಯನ್ನೂ ಓಡಿಸಿರುತ್ತಾರೆ. ಭಾರವನ್ನು ಹೊರುವುದು ಟೈರಿನ ರಬ್ಬರ್ ಅಲ್ಲ, ಅದರೊಳಗಿನ ಗಾಳಿ. ಆದ್ದರಿಂದ ಸರಿಯಾದ ಒತ್ತಡವೆಂಬುದು ಟೈರಿಗೆ ಅಂಟಿಕೊಂಡ ಗುಣವಲ್ಲ, ಆ ಹೊತ್ತಿನಲ್ಲಿ ಆ ಚಕ್ರದ ಮೇಲೆ ಎಷ್ಟು ಭಾರವಿದೆಯೋ ಅದಕ್ಕೆ ಸಲ್ಲಬೇಕಾದ ಉತ್ತರ. ಕಾರಿನಲ್ಲಿ ಭಾರದ ಏರಿಳಿತ ಕಡಿಮೆಯಾದ್ದರಿಂದ ಒಂದೇ ಅಂಕಿಯಲ್ಲಿ ಬದುಕು ಸಾಗುತ್ತದೆ, ಪಿಕಪ್ಪಿನಲ್ಲಿ ಸಾಗುವುದಿಲ್ಲ.

ಮೊದಲು ಒಂದು ತಪ್ಪು ಓದನ್ನು ಸರಿಪಡಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡದ ಅಂಕಿಯನ್ನು ನೋಡಿ ಅಷ್ಟೇ ತುಂಬಿಸುವವರು ಬಹಳ. ಅದು ನಿಮ್ಮ ವಾಹನಕ್ಕೆ ಮಾಡಿದ ಶಿಫಾರಸಲ್ಲ. ತಾನು ಹೊರಬಲ್ಲ ಅತಿ ಹೆಚ್ಚಿನ ಭಾರವನ್ನು ಹೊರಲು ಆ ಟೈರಿಗೆ ಬೇಕಾಗುವ ಗಾಳಿಯನ್ನು ಕುರಿತ ಮಾತು. ವಾಹನಕ್ಕೆ ಸಲ್ಲುವ ಅಂಕಿ ಇರುವುದು ಚಾಲಕನ ಬಾಗಿಲು ತೆರೆದಾಗ ಅದರ ಚೌಕಟ್ಟಿನ ಕಂಬದ ಮೇಲೆ ಕಾಣುವ ಚೀಟಿಯಲ್ಲಿ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಅಂಕಿಗಳನ್ನೂ, ಅನೇಕ ಪಿಕಪ್‌ಗಳಲ್ಲಿ ಕಡಿಮೆ ಭಾರಕ್ಕೊಂದು ಪೂರ್ಣ ಭಾರಕ್ಕೊಂದು ಎಂದು ಎರಡು ಸಾಲುಗಳನ್ನೂ ಅಲ್ಲಿ ಕೊಟ್ಟಿರುತ್ತಾರೆ. ಎರಡನೆಯ ಸಾಲನ್ನು ಓದಿದ ಮಾಲೀಕರು ನನಗೆ ಸಿಕ್ಕಿರುವುದು ಅಪರೂಪ. ಚೀಟಿಯಲ್ಲಿರುವುದೆಲ್ಲ ತಣ್ಣನೆಯ ಟೈರಿನ ಅಂಕಿಗಳು, ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು ಎಂಬುದನ್ನೂ ಇದರ ಜೊತೆಗೇ ನೆನಪಿಡಬೇಕು.

ಪಿಕಪ್ಪಿನ ಮೈಕಟ್ಟೇ ಈ ಲೆಕ್ಕವನ್ನು ತೊಡಕಾಗಿಸುತ್ತದೆ. ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ ಎಲ್ಲವೂ ಮುಂದಿರುವುದರಿಂದ ಖಾಲಿ ಗಾಡಿಯ ಹಿಂಭಾಗ ಹಗುರ; ಆದರೆ ಸಾಮಾನು ತುಂಬುವ ಜಾಗ ಹಿಂದಿನ ಆಕ್ಸಲಿನ, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ದಂಡದ, ಸುತ್ತಮುತ್ತಲೇ ಇರುವುದರಿಂದ ಹೇರಿದ ಭಾರವೆಲ್ಲ ಹೆಚ್ಚುಕಡಿಮೆ ಅಲ್ಲಿಗೇ ಇಳಿಯುತ್ತದೆ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಖಾಲಿ ಗಾಡಿಯ ಮುಂದಿನ ಆಕ್ಸಲ್ 1,150 ಕಿಲೋ, ಹಿಂದಿನದು 800 ಕಿಲೋ ತೂಗುತ್ತದೆ ಎಂದುಕೊಳ್ಳಿ. ಅದಕ್ಕೆ 750 ಕಿಲೋ ಸಾಮಾನು ಹೇರಿದರೆ ಮುಂದಿನದು 1,200 ಆಗಬಹುದು, ಹಿಂದಿನದು 1,500 ಆಗುತ್ತದೆ. ಮುಂದಿನ ಪ್ರತಿ ಟೈರಿನ ಪಾಲು 575ರಿಂದ 600 ಕಿಲೋಗೆ ಏರಿದರೆ, ಹಿಂದಿನ ಪ್ರತಿ ಟೈರಿನ ಪಾಲು 400ರಿಂದ 750ಕ್ಕೆ ಜಿಗಿಯುತ್ತದೆ. ಮುಂದಿನ ಟೈರಿಗೆ ಲೋಡ್ ಬಿದ್ದ ಸುಳಿವೇ ಹತ್ತುವುದಿಲ್ಲ, ಹಿಂದಿನದಕ್ಕೆ ಹೊರೆ ಇಮ್ಮಡಿಯ ಹತ್ತಿರ. ನಾಲ್ಕು ಚಕ್ರಕ್ಕೂ ಒಂದೇ ಅಂಕಿ ಹೇಳಿ ಗಾಳಿ ಹಿಡಿಸುವ ಅಭ್ಯಾಸ ಎಲ್ಲಿ ಎಡವುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಇದಕ್ಕೆ ಹೆದರಿ ಯಾವಾಗಲೂ ಹೆಚ್ಚೇ ಇರಲಿ ಎಂದು 80 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ) ತುಂಬಿಸಿಡುವುದೂ ಪರಿಹಾರವಲ್ಲ. ಟೈರ್ ನೆಲವನ್ನು ಮುಟ್ಟುವ ಜಾಗದ ವಿಸ್ತಾರ, ಸ್ಥೂಲವಾಗಿ ಹೇಳುವುದಾದರೆ, ಅದರ ಮೇಲಿನ ಭಾರವನ್ನು ಒತ್ತಡದಿಂದ ಭಾಗಿಸಿದಷ್ಟು. 35 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ; ಆ ಒತ್ತಡದಲ್ಲಿ 400 ಕಿಲೋ ಹೊತ್ತ ಟೈರ್ ಸುಮಾರು 160 ಚದರ ಸೆಂಟಿಮೀಟರ್ ನೆಲವನ್ನು ಹಿಡಿದಿರುತ್ತದೆ. ಅದೇ ಖಾಲಿ ಗಾಡಿಯ ಟೈರಿನಲ್ಲಿ 80 ಪಿಎಸ್‌ಐ ಇದ್ದರೆ ಹಿಡಿತ ಸುಮಾರು 70ಕ್ಕೆ, ಅಂದರೆ ಬೆರಳು ಬಿಟ್ಟರೆ ಉಳಿಯುವ ಅಂಗೈಯಷ್ಟಕ್ಕೆ ಇಳಿಯುತ್ತದೆ. ಟೈರಿನ ಸ್ವಂತ ಬಿಗುವೂ ಒಂದಷ್ಟು ಭಾರ ಹೊರುವುದರಿಂದ ನಿಜವಾದ ಅಂಕಿಗಳು ಇವೇ ಆಗಿರುವುದಿಲ್ಲ, ಆದರೂ ಹಿಡಿತ ಕುಗ್ಗುವ ದಿಕ್ಕು ಬದಲಾಗದು. ಮಳೆ ಬಿದ್ದ ತಿರುವಿನಲ್ಲಿ ಖಾಲಿ ಪಿಕಪ್ಪಿನ ಹಿಂಭಾಗ ಜಾರುವುದಕ್ಕೂ, ಉಬ್ಬು ಸಿಕ್ಕಿದಲ್ಲೆಲ್ಲ ಅದು ಕುಪ್ಪಳಿಸುವುದಕ್ಕೂ, ಟ್ರೆಡ್ಡಿನ ನಡುಭಾಗ ಮಾತ್ರ ಬೋಳಾಗುವುದಕ್ಕೂ ಇದು ದೊಡ್ಡ ಕಾರಣ.

ಸವಾರಿ ಮೆತ್ತಗಿರಲಿ ಎಂದು ಗಾಳಿ ಇಳಿಸುವುದು ಇದಕ್ಕೆ ವಿರುದ್ಧವಾದ ತಪ್ಪು, ಮತ್ತು ಹೆಚ್ಚು ಅಪಾಯದ್ದು. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಟ್ರೆಡ್ ಕಿತ್ತುಬಂದು ಅಮೆರಿಕದಲ್ಲಿ ಸರಣಿ ಅಪಘಾತಗಳಾಗಿ, 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಆ ವಾಹನಕ್ಕೆ ಶಿಫಾರಸಾಗಿದ್ದ ಒತ್ತಡ 26 ಪಿಎಸ್‌ಐ. ದೋಷ ಟೈರಿನದೋ, ವಾಹನದ್ದೋ ಎಂದು ಎರಡು ಕಂಪನಿಗಳೂ ದೀರ್ಘವಾಗಿ ವಾದಿಸಿದವು. ಆದರೆ ಕಡಿಮೆ ಗಾಳಿ, ಹೆಚ್ಚು ಭಾರ, ಬಿಸಿಲು ಮತ್ತು ವೇಗ ಒಟ್ಟಿಗೆ ಕೂಡಿದರೆ ಟೈರಿನೊಳಗೆ ಬಿಸಿಯೇರಿ ಪದರಗಳು ಬಿಡುತ್ತವೆ ಎಂಬುದರಲ್ಲಿ ನಮ್ಮ ಕಸುಬಿನ ಯಾರಿಗೂ ಸಂಶಯವಿಲ್ಲ.

ಹಾಗಾದರೆ ಸರಿಯಾದ ಅಂಕಿಯನ್ನು ಹುಡುಕುವುದು ಹೇಗೆ? ವಾಹನದೊಂದಿಗೆ ಬಂದ ಅಳತೆಯ, ಅದೇ ಬಗೆಯ ಟೈರ್ ಇದ್ದರೆ ಚೀಟಿಯನ್ನು ಅನುಸರಿಸಿದರೆ ಸಾಕು. ಬೇರೆ ಟೈರ್ ಹಾಕಿಸಿದ್ದರೆ, ಅಥವಾ ದಿನವೂ ಒಂದೇ ಬಗೆಯ ಲೋಡ್ ಹೊರುವ ಗಾಡಿಯಾಗಿದ್ದರೆ, ತೂಕ ಹಾಕಿಸುವುದೇ ದಾರಿ ಎಂದು ನಾನು ಒತ್ತಾಯಿಸುತ್ತೇನೆ. ನಿತ್ಯದ ಲೋಡ್ ಹೇರಿಕೊಂಡು, ಜೊತೆಗೆ ಬರುವವರನ್ನೂ ಕೂರಿಸಿಕೊಂಡು ಗಾಡಿ ತೂಗುವ ವೇಬ್ರಿಡ್ಜಿಗೆ ಹೋಗಿ, ಮೊದಲು ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ, ಆಮೇಲೆ ಇಡೀ ಗಾಡಿಯನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ ತೂಗಿಸಿ ಮೂರೂ ಅಂಕಿಗಳನ್ನು ಬರೆದುಕೊಳ್ಳಿ. ಮೊದಲನೆಯದೂ ಕೊನೆಯದೂ ಕೂಡಿ ನಡುವಿನದಕ್ಕೆ ಹತ್ತಿರವಾದರೆ ತೂಕ ಸರಿಯಾಗಿದೆ ಎಂದರ್ಥ. ಹಿಂದಿನ ಆಕ್ಸಲಿನ ತೂಕವನ್ನು ಎರಡರಿಂದ ಭಾಗಿಸಿ, ಎಡಬಲದಲ್ಲಿ ಸಾಮಾನು ಸಮನಾಗಿ ಕೂರದಿರುವ ಸಾಧ್ಯತೆಗಾಗಿ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ. ಮೇಲಿನ ಉದಾಹರಣೆಯಲ್ಲಿ ಅದು 825 ಕಿಲೋ ಆಗುತ್ತದೆ. ಟೈರ್ ತಯಾರಕರು ಪ್ರತಿ ಅಳತೆಗೂ ಭಾರ ಮತ್ತು ಒತ್ತಡದ ಕೋಷ್ಟಕವನ್ನು ಪ್ರಕಟಿಸಿರುತ್ತಾರೆ. 825 ಕಿಲೋ ಹೊರಲು ಎಷ್ಟು ಗಾಳಿ ಬೇಕೆಂದು ಅದರಲ್ಲಿ ನೋಡಿಕೊಳ್ಳಬೇಕು. ಆಕ್ಸಲಿಗೆ ತಯಾರಕರು ಗೊತ್ತುಪಡಿಸಿದ ಮಿತಿಯನ್ನೇ ತೂಕ ಮೀರಿದ್ದರೆ ಕೋಷ್ಟಕವನ್ನು ಮಡಚಿಟ್ಟು ಸಾಮಾನು ಇಳಿಸಿ, ಏಕೆಂದರೆ ಗಾಳಿ ಹೆಚ್ಚಿಸಿದ ಮಾತ್ರಕ್ಕೆ ಬೇರಿಂಗ್, ಬ್ರೇಕ್, ಸ್ಪ್ರಿಂಗ್ ಪಟ್ಟಿಗಳ ಬಲ ಹೆಚ್ಚುವುದಿಲ್ಲ.

ಕಾರು ಬಗೆಯ ಟೈರನ್ನು ತೆಗೆಸಿ, ಎಲ್‌ಟಿ ಎಂದು ಗುರುತಿರುವ ಲಘು ಟ್ರಕ್ಕಿನ ದಪ್ಪ ಟೈರ್ ಹಾಕಿಸಿದವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಸಾಧಾರಣ ಕಾರು ಬಗೆಯ ಟೈರ್ ತನ್ನ ಪೂರ್ಣ ಭಾರವನ್ನು 35 ಅಥವಾ 36 ಪಿಎಸ್‌ಐಯಲ್ಲೇ ಹೊರುತ್ತದೆ. ಎಲ್‌ಟಿ ಟೈರ್ ತನ್ನ ಪೂರ್ಣ ಭಾರದ ಮಟ್ಟ ಮುಟ್ಟಲು, ಅದರ ಮೇಲೆ ಅಕ್ಷರದಲ್ಲಿ ಗುರುತಿಸಿರುವ ಭಾರದ ದರ್ಜೆಗೆ ತಕ್ಕಂತೆ, ಸಾಮಾನ್ಯವಾಗಿ ಸಿ ದರ್ಜೆಯಲ್ಲಿ 50, ಡಿ ದರ್ಜೆಯಲ್ಲಿ 65, ಇ ದರ್ಜೆಯಲ್ಲಿ 80 ಪಿಎಸ್‌ಐ ಬೇಕು. ಟೈರಿನ ಮೇಲೆ 121 ಎಂಬ ಭಾರಸೂಚಿ ಇದೆ, ಅಂದರೆ 1,450 ಕಿಲೋ ತಾಳುತ್ತದೆ ಎಂದು ನಂಬಿ, ಹಳೆಯ ಚೀಟಿಯ 35 ಪಿಎಸ್‌ಐಯಲ್ಲೇ ಓಡಿಸಿದರೆ ಹಳೆಯ ತೆಳು ಟೈರ್ ಹೊರುತ್ತಿದ್ದಷ್ಟನ್ನೂ ಹೊಸದು ಹೊರದಿರಬಹುದು. ಹೆಚ್ಚು ಹಣ ಕೊಟ್ಟು ಗಟ್ಟಿ ಟೈರ್ ತಂದವರೇ ಅದರಲ್ಲಿ ಗಾಳಿ ಸಾಲದೆ ಹಾಳುಮಾಡಿಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವಾಲ್ವ್ ವಿಷಯವೂ ಹಾಗೆಯೇ: ಕಾರುಗಳಲ್ಲಿ ಬಳಸುವ ಸಾಮಾನ್ಯ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. ಅದಕ್ಕಿಂತ ಹೆಚ್ಚು ತುಂಬಿಸುವುದಾದರೆ ಲೋಹದ ಅಥವಾ ಹೆಚ್ಚಿನ ಒತ್ತಡದ ವಾಲ್ವ್ ಹಾಕಿಸಬೇಕು, ರಿಮ್ ಎಷ್ಟು ತಾಳುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು.

ಹವೆ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ 35 ಪಿಎಸ್‌ಐ ಇರುವ ಟೈರಿನಲ್ಲಿ ಸುಮಾರು ಒಂದೂಮುಕ್ಕಾಲು, 65 ಇರುವುದರಲ್ಲಿ ಎರಡೂವರೆಗಿಂತ ತುಸು ಹೆಚ್ಚು ಪಿಎಸ್‌ಐ ಕುಸಿಯುತ್ತದೆ. ನೈಟ್ರೋಜನ್ ತುಂಬಿಸಿದರೆ ಇದು ತಪ್ಪುತ್ತದೆ ಎಂಬ ಮಾತು ಸರಿಯಲ್ಲ. ನಾವು ತುಂಬುವ ಸಾಧಾರಣ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ, ಅದನ್ನು ಕಂಡು ದಾರಿಯ ಮಧ್ಯೆ ಗಾಳಿ ಬಿಡಬಾರದು. ಆ ಏರಿಕೆಯನ್ನು ನಾನು ಪರೀಕ್ಷೆಗೆ ಬಳಸುತ್ತೇನೆ: ಬೆಳಗ್ಗೆ ತಣ್ಣಗಿದ್ದಾಗ ಅಳೆದು, ಲೋಡ್ ಹೇರಿ ಒಂದು ಗಂಟೆ ಓಡಿಸಿ ಮತ್ತೆ ಅಳೆದಾಗ ಏರಿಕೆ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಅದನ್ನು ಸಾಕಷ್ಟು ಮೀರಿದ್ದರೆ ಟೈರ್ ಅತಿಯಾಗಿ ಬಾಗಿ ಬಿಸಿಯಾಗುತ್ತಿದೆ, ಅಂದರೆ ಬೆಳಗಿನ ಗಾಳಿ ಸಾಲದೆಂದು ಶಂಕಿಸಬೇಕು. ಟ್ರೆಡ್ಡಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಗೆರೆ ಎಲ್ಲಿ ಅಳಿಸಿದೆ ಎಂದು ನೋಡುವ ಹಳೆಯ ಪದ್ಧತಿಯೂ ಉಪಯುಕ್ತವೇ. ಅದು ನೆಲದ ಹಿಡಿತವನ್ನು ತೋರಿಸುತ್ತದೆಯೇ ಹೊರತು ಭಾರ ಹೊರುವ ಶಕ್ತಿಯನ್ನಲ್ಲ. ಹೀಗಾಗಿ ಆ ಗೆರೆಯನ್ನು ನಂಬಿ ಕೋಷ್ಟಕದ ಅಂಕಿಗಿಂತ ಕೆಳಗೆ ಇಳಿಯಬಾರದು.

ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಹತ್ತಿಲ್ಲವೆಂದು ಸುಮ್ಮನಿರುವವರಿಗೂ ಒಂದು ಮಾತು. ಆ ದೀಪ ಸಾಮಾನ್ಯವಾಗಿ ನಿಗದಿತ ಒತ್ತಡಕ್ಕಿಂತ ನೂರಕ್ಕೆ 20ರಿಂದ 25ರಷ್ಟು ಕುಸಿದ ಮೇಲೆ ಹತ್ತುತ್ತದೆ. ನೀವು ಎಲ್‌ಟಿ ಟೈರ್ ಹಾಕಿಸಿ 60 ಪಿಎಸ್‌ಐಗೆ ಏರಿಸಿದ್ದರೂ, ಹೊಸ ಅಂಕಿಯನ್ನು ಹೊಂದಿಸದಿದ್ದರೆ ಅದು ಮೂಲ ಚೀಟಿಯ ಲೆಕ್ಕದಲ್ಲೇ ಕಾಯುತ್ತಿರುತ್ತದೆ; ಗಾಳಿ ಅರ್ಧಕ್ಕಿಳಿದರೂ ಮೌನವಾಗಿರಬಹುದು. ಎಲ್ಲ ಸರಿಯಿರುವ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರುತ್ತದೆ. ಆದ್ದರಿಂದ ಸ್ವಂತದ್ದೊಂದು ಒಳ್ಳೆಯ ಗೇಜ್ ಇಟ್ಟುಕೊಂಡು, ಯಾವಾಗಲೂ ಅದರಿಂದಲೇ ಅಳೆಯುವುದು ಮೇಲು. ಬೇರೆ ಬೇರೆ ಕಡೆಯ ಗೇಜುಗಳು ಒಂದೇ ಟೈರಿಗೆ ಬೇರೆ ಬೇರೆ ಅಂಕಿ ತೋರಿಸುವುದನ್ನು ನಾನು ದಿನವೂ ಕಾಣುತ್ತೇನೆ.

ನನ್ನಲ್ಲಿ ತೂಕ ಹಾಕಿಸಿ ಲೆಕ್ಕ ಮಾಡಿಸಿಕೊಂಡವರ ಗಾಡಿಯ ಬಾಗಿಲಿನೊಳಗೆ, ಮೂಲ ಚೀಟಿಯ ಕೆಳಗೆ, ಬಿಳಿಯ ಟೇಪಿನ ತುಂಡೊಂದನ್ನು ಅಂಟಿಸಿ ಮೂರು ಅಂಕಿಗಳನ್ನು ಬರೆದುಕೊಡುತ್ತೇನೆ: ಮುಂದಿನ ಚಕ್ರಗಳಿಗೆ ಒಂದು, ಹಿಂದಿನ ಚಕ್ರಗಳಿಗೆ ಖಾಲಿ ಇರುವಾಗಿನದೊಂದು, ಲೋಡ್ ಇರುವಾಗಿನದೊಂದು. ದಿನ ಬಿಟ್ಟು ದಿನ ಲೋಡ್ ಬದಲಾಗುವ ಗಾಡಿಯವರು ಪ್ರತಿ ಸಲವೂ ಗಾಳಿ ಏರಿಸಿ ಇಳಿಸಲಾಗದಿದ್ದರೆ ಹಿಂದಿನ ಟೈರುಗಳನ್ನು ಲೋಡಿನ ಅಂಕಿಯಲ್ಲೇ ಇರಿಸಿಕೊಂಡು, ಖಾಲಿ ಇರುವ ದಿನ, ಅದರಲ್ಲೂ ಮಳೆಯಲ್ಲಿ, ತಿರುವುಗಳನ್ನು ನಿಧಾನವಾಗಿ ದಾಟಲಿ ಎಂದು ಹೇಳುತ್ತೇನೆ. ಟೈರಿನ ಅಳತೆ ಅಥವಾ ಬಗೆ ಬದಲಾದ ದಿನ ಆ ಟೇಪನ್ನು ಕಿತ್ತು ಹೊಸದಾಗಿ ಬರೆಯಬೇಕಾಗುತ್ತದೆ.