ಪತ್ರಿಕೆಯ ಒಲವು ಎಲ್ಲಿ ಅಡಗಿರುತ್ತದೆ?

ಸುದ್ದಿಮನೆಯ ಡೆಸ್ಕ್‌ನಲ್ಲಿ, ಅಂದರೆ ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗದಲ್ಲಿ, ಕೆಲಸ ಮಾಡುವವರಿಗೆ ಬೆಳಗಿನ ಬೈಗುಳದ ಫೋನ್ ಹೊಸದೇನಲ್ಲ. 'ನಿಮ್ಮದು ಆ ಪಕ್ಷದ ಮುಖವಾಣಿ' ಅಂತ ಒಬ್ಬರು. ಅದೇ ಸುದ್ದಿ ಓದಿ 'ಈ ಪಕ್ಷಕ್ಕೆ ಮಾರಿಕೊಂಡಿದ್ದೀರಿ' ಅಂತ ಇನ್ನೊಬ್ಬರು. ಇದಕ್ಕೆ ನಮ್ಮ ಕಸುಬಿನವರು ಕೊಡುವ ಸಿದ್ಧ ಉತ್ತರವೊಂದಿದೆ: ಎರಡೂ ಕಡೆಯವರು ಬೈತಾ ಇದ್ದಾರೆ ಅಂದ್ರೆ ನಾವು ಸರಿಯಾಗಿ ನಡುವೆ ನಿಂತಿದ್ದೇವೆ. ಕೇಳೋಕೆ ಚೆನ್ನಾಗಿದೆ. ಆದರೆ ನನಗೆ ಒಪ್ಪಿಗೆಯಿಲ್ಲ. ಎರಡೂ ಕಡೆಯಿಂದ ಬೈಗುಳ ಬರುವುದಕ್ಕೆ ಕಾರಣ ಬೇರೆಯೇ ಇದೆ.

1982ರಲ್ಲಿ ಲೆಬನಾನ್‌ನ ಬೈರೂತ್‌ನಲ್ಲಿ, ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಟಿವಿ ಸುದ್ದಿ ತುಣುಕುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರು ಇಸ್ರೇಲ್ ಪರ, ಕೆಲವರು ಅರಬ್ ಪರ. ಎಲ್ಲರೂ ನೋಡಿದ್ದು ಒಂದೇ ತುಣುಕುಗಳನ್ನು. ಆದರೂ ಎರಡೂ ಗುಂಪಿನವರು 'ಇದು ನಮ್ಮ ವಿರುದ್ಧ ಇದೆ' ಅಂದರು. ವ್ಯಾಲೋನ್, ರಾಸ್ ಮತ್ತು ಲೆಪರ್ 1985ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಷಯ. ಯಾವುದೇ ಒಂದು ಪಕ್ಷ ಹಿಡಿದವರಲ್ಲಿ, ವಿಷಯ ಚೆನ್ನಾಗಿ ತಿಳಿದವರಿಗೇ ಪಕ್ಷಪಾತ ಜಾಸ್ತಿ ಕಂಡಿತ್ತು. ಇದು ಸಹಜವೇ ಅಲ್ವಾ? ಹೆಚ್ಚು ತಿಳಿದವರಿಗೆ ಸುದ್ದಿಯಲ್ಲಿ ಬಿಟ್ಟುಹೋದದ್ದೂ ಹೆಚ್ಚು ಕಾಣುತ್ತದೆ.

ಹಾಗಾಗಿ ಓದುಗರ ಸಿಟ್ಟಿನಿಂದ ಏನೂ ಸಾಬೀತಾಗುವುದಿಲ್ಲ. ಪತ್ರಿಕೆ ವಾಲಿದೆ ಅಂತಲೂ ಅಲ್ಲ, ವಾಲಿಲ್ಲ ಅಂತಲೂ ಅಲ್ಲ. ಒಂದೇ ಕಡೆಗೆ ಪೂರ್ತಿ ವಾಲಿರುವ ಪತ್ರಿಕೆಗೂ ಎರಡೂ ಕಡೆಯಿಂದ ಬೈಗುಳ ಬರಬಹುದು. ಒಬ್ಬರಿಗೆ ಅದು ವಾಲಿದೆ ಅಂತ ಸಿಟ್ಟು, ಇನ್ನೊಬ್ಬರಿಗೆ ಸಾಕಷ್ಟು ವಾಲಿಲ್ಲ ಅಂತ ಸಿಟ್ಟು.

ಹಾಗಾದರೆ ನಿಜವಾದ ಒಲವನ್ನು ಎಲ್ಲಿ ಹುಡುಕಬೇಕು? ಹೆಚ್ಚಿನವರು ಹೆಡ್‌ಲೈನ್ ನೋಡುತ್ತಾರೆ. ಅಲ್ಲಿ ಸಿಗುವುದೂ ಉಂಟು. ಆಡಳಿತ ಪಕ್ಷದವರು ಸದಾ 'ಸ್ಪಷ್ಟಪಡಿಸುತ್ತಾರೆ', ವಿರೋಧ ಪಕ್ಷದವರು ಸದಾ 'ಆರೋಪಿಸುತ್ತಾರೆ' ಅಂತಾದರೆ ಎಚ್ಚರ ವಹಿಸಬೇಕಾದ್ದೇ. ಆದರೆ ಇದು ಸುಲಭವಾಗಿ ಕಣ್ಣಿಗೆ ಬೀಳುವ ಜಾಗ. ಡೆಸ್ಕ್‌ನವರೂ ಅಲ್ಲೇ ಹೆಚ್ಚು ಕಾಳಜಿ ವಹಿಸುತ್ತಾರೆ.

ಕಣ್ಣಿಗೆ ಬೀಳದ ಜಾಗವೊಂದನ್ನು ಹೇಳುತ್ತೇನೆ. ನಗರಸಭೆಯ ಅಧ್ಯಕ್ಷರು ಸಂಜೆ ಸುದ್ದಿಗೋಷ್ಠಿ ಮಾಡಿ, ಕುಡಿಯುವ ನೀರಿನ ಕಾಮಗಾರಿ ಮುಗಿದಿದೆ ಅಂತಾರೆ ಅಂದುಕೊಳ್ಳಿ. ಪ್ರೆಸ್ ನೋಟ್ ಟೈಪ್ ಆಗಿಯೇ ಬರುತ್ತದೆ, ಜೊತೆಗೆ ಫೋಟೊ ಕೂಡ. ವರದಿಗಾರ ಇನ್ನೊಂದು ಪಕ್ಷದ ಸದಸ್ಯರಿಗೆ ಫೋನ್ ಮಾಡುತ್ತಾನೆ. ಅವರು ಎತ್ತುವುದಿಲ್ಲ. ಅಷ್ಟರಲ್ಲಿ ಪುಟ ಕಳಿಸುವ ಹೊತ್ತಾಗಿರುತ್ತದೆ. 'ಪ್ರತಿಕ್ರಿಯೆಗೆ ಲಭ್ಯವಾಗಲಿಲ್ಲ' ಅನ್ನುವ ಸಾಲು ಕೊನೆಗೆ ಸೇರುತ್ತದೆ. ಜಾಗ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದೂ ಆ ಕೊನೆಯ ಸಾಲಿಗೇ. ಮರುದಿನ ಆ ಸದಸ್ಯರು 'ಅರ್ಧ ಬಡಾವಣೆಗಳಿಗೆ ಪೈಪೇ ಹಾಕಿಲ್ಲ' ಅಂತಾರೆ. ಆ ಹೊತ್ತಿಗೆ ಅದು ಹಳೆಯ ಸುದ್ದಿ. ಒಳಪುಟದಲ್ಲಿ, ಸಿಂಗಲ್ ಕಾಲಂನಲ್ಲಿ, ಫೋಟೊ ಇಲ್ಲದೆ ಬರುತ್ತದೆ.

ಇಲ್ಲಿ ಯಾರೂ ಯಾರಿಗೂ ಮಾರಿಕೊಂಡಿಲ್ಲ. ಆದರೆ ಓದುಗನ ತಲೆಯಲ್ಲಿ ಉಳಿಯುವುದು ನಾಲ್ಕು ಕಾಲಂನ ಮೊದಲ ಸುದ್ದಿ. ಅಧಿಕಾರದಲ್ಲಿ ಇರುವವರ ಹತ್ತಿರ ಕಚೇರಿ ಇದೆ, ಪ್ರೆಸ್ ನೋಟ್ ಬರೆಯುವ ಸಿಬ್ಬಂದಿ ಇದ್ದಾರೆ, ದಿನಕ್ಕೊಂದು ಉದ್ಘಾಟನೆ ಇದೆ. ಸಿಬ್ಬಂದಿ ಕಡಿಮೆ ಇರುವ ಸ್ಥಳೀಯ ಪತ್ರಿಕೆ, ಸಿದ್ಧವಾಗಿ ಬಂದದ್ದನ್ನೇ ತುಂಬಿಸಿಕೊಳ್ಳುತ್ತದೆ. ಅಧಿಕಾರ ಬದಲಾದರೆ ಅದೇ ಪತ್ರಿಕೆ ಇನ್ನೊಂದು ಕಡೆಗೆ ವಾಲಿದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಸ್ಥಳೀಯ ಸುದ್ದಿಯ ದೊಡ್ಡ ಕಾಯಿಲೆ ಇದು. ಸಿದ್ಧಾಂತಕ್ಕಿಂತ ಸೋಮಾರಿತನ ಮತ್ತು ಗಡಿಬಿಡಿಯೇ ಜಾಸ್ತಿ. ಇದಕ್ಕೆ ಮದ್ದೂ ಇದೆ: ಉತ್ತರವನ್ನು, ಆರೋಪ ಬಂದ ಪುಟದಲ್ಲೇ, ಅಷ್ಟೇ ಅಳತೆಯಲ್ಲಿ ಹಾಕುವುದು. ಜಾಗ ಇಲ್ಲ ಅನ್ನುವ ನೆಪಕ್ಕೆ ನಾನು ಸೊಪ್ಪು ಹಾಕುವುದಿಲ್ಲ.

ಮಾಲೀಕರ ಕೈವಾಡ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಜಾಹೀರಾತಿನ ಒತ್ತಡವೂ ಇದೆ, ಸರ್ಕಾರಿ ಜಾಹೀರಾತನ್ನೇ ನಂಬಿದ ಸಣ್ಣ ಪತ್ರಿಕೆಗಳಿಗಂತೂ ಇನ್ನೂ ಜಾಸ್ತಿ. ಹಣ ಪಡೆದು ಸುದ್ದಿಯ ವೇಷದಲ್ಲಿ ಜಾಹೀರಾತು ಹಾಕಿದರೆ ಅದು ಒಲವಲ್ಲ, ನೇರ ಮೋಸ. ಆದರೆ ಎಲ್ಲವನ್ನೂ ಮಾಲೀಕರ ತಲೆಗೆ ಕಟ್ಟಲು ಆಗುವುದಿಲ್ಲ. ಗೆಂಟ್ಸ್‌ಕೊ ಮತ್ತು ಶಪೀರೊ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ 400ಕ್ಕೂ ಹೆಚ್ಚು ದಿನಪತ್ರಿಕೆಗಳ ಭಾಷೆಯನ್ನು ಅಲ್ಲಿನ ಎರಡೂ ಪಕ್ಷಗಳ ಸಂಸದರು ಬಳಸುವ ನುಡಿಗಟ್ಟುಗಳ ಜೊತೆ ಹೋಲಿಸಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಪತ್ರಿಕೆಯ ಒಲವು ಮಾಲೀಕ ಯಾರು ಅನ್ನುವುದಕ್ಕಿಂತ ಅದರ ಓದುಗರ ಒಲವಿಗೇ ಹೆಚ್ಚು ಹೊಂದಿಕೊಂಡಿತ್ತು. ಅಂದರೆ ಓದುಗರಿಗೆ ಹಿಡಿಸುವುದನ್ನು ಪತ್ರಿಕೆ ಬಡಿಸುತ್ತದೆ. ಬೇರೆ ದೇಶಗಳಲ್ಲಿ ಲೆಕ್ಕ ಬೇರೆ ಬರಬಹುದು. ಆದರೂ ಸುದ್ದಿಮನೆಯಲ್ಲಿ 'ಇದು ನಮ್ಮ ಓದುಗರಿಗೆ ಹಿಡಿಸಲ್ಲ' ಅನ್ನುವ ಮಾತು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಪತ್ರಿಕೆ ಬಗ್ಗೆ ಅನುಮಾನ ಇದ್ದರೆ ಒಂದು ದಿನದ ಸುದ್ದಿ ಇಟ್ಟುಕೊಂಡು ಜಗಳಕ್ಕೆ ಹೋಗಬೇಡಿ. ಒಂದು ತಿಂಗಳ ಪುಟಗಳನ್ನು ಕೂಡಿಡಿ. ಯಾವ ಪಕ್ಷದವರ ಮಾತು ಮುಖಪುಟಕ್ಕೆ ಬಂತು, ಯಾರದ್ದು ಒಳಗೆ ಹೋಯಿತು, ಯಾರ ಫೋಟೊ ಎಷ್ಟು ಬಂತು, ಆರೋಪ ಎದುರಿಸಿದವರ ಉತ್ತರ ಅದೇ ದಿನ ಇತ್ತಾ ಅಂತ ಗುರುತು ಹಾಕಿ. ಚುನಾವಣೆ ಹೊತ್ತಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಯಾವ ಸುದ್ದಿ ಬರಲೇ ಇಲ್ಲ ಅನ್ನುವುದು ತಿಳಿಯಬೇಕಾದರೆ ಇನ್ನೊಂದು ಪತ್ರಿಕೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಆಮೇಲೆ ಸಂಪಾದಕರಿಗೆ ಬರೆಯಿರಿ. 'ನೀವು ಮಾರಾಟವಾಗಿದ್ದೀರಿ' ಅಂತ ಬರೆದ ಪತ್ರ ಸುಮ್ನೆ ಕಸದ ಬುಟ್ಟಿಗೆ ಹೋಗುತ್ತದೆ. '12ನೇ ತಾರೀಖಿನ 3ನೇ ಪುಟದ ಸುದ್ದಿಯಲ್ಲಿ ಇಂಥವರ ಮೇಲೆ ಆರೋಪ ಇದೆ, ಅವರ ಉತ್ತರ ಇಲ್ಲ, ಇವತ್ತಿನವರೆಗೂ ಹಾಕಿಲ್ಲ' ಅಂತ ಬರೆದರೆ ಅದು ಬೆಳಗಿನ ಮೀಟಿಂಗ್‌ಗೆ ಬರುತ್ತದೆ. ಆ ಪುಟ ಮಾಡಿದವನು ಎಲ್ಲರೆದುರು ಬಾಯಿಬಿಡಲೇಬೇಕಾಗುತ್ತದೆ.