ಆರು ಸೆಕೆಂಡಿನ ಕ್ಯಾನನ್

ಎರಡನೇ ಮಹಾಯುದ್ಧದ, ಬ್ರಿಟನ್ನಿನ ಸ್ಪಿಟ್‌ಫೈರ್ 5ಬಿ ಫೈಟರ್ ವಿಮಾನದ ರೆಕ್ಕೆಗಳಲ್ಲಿ 20 ಮಿಲಿಮೀಟರಿನ ಎರಡು ಕ್ಯಾನನ್ (ಶೆಲ್ ಹಾರಿಸುವ ದೊಡ್ಡ ಗನ್), 7.7 ಮಿಲಿಮೀಟರಿನ ನಾಲ್ಕು ಮೆಷಿನ್ ಗನ್ ಇದ್ದವು. ಆರಕ್ಕೂ ಸೇರಿ ಒಂದೇ ಬಟನ್. ಹಿಡಿಕೆಯ ಮೇಲೆ, ಪೈಲಟ್‌ನ ಹೆಬ್ಬೆರಳಿಗೆ ಎಟುಕುವಂತೆ ಕೂರಿಸಿದ್ದ ಉದ್ದನೆಯ ಬಟನ್ ಅದು. ಮೇಲ್ತುದಿ ಒತ್ತಿದರೆ ಮೆಷಿನ್ ಗನ್, ಕೆಳತುದಿ ಒತ್ತಿದರೆ ಕ್ಯಾನನ್, ನಡುವೆ ಒತ್ತಿದರೆ ಎರಡೂ. ಗನ್ನಿನ ಕುದುರೆ, ಅಂದರೆ ಟ್ರಿಗರ್, ಎಳೆಯುವ ಕೆಲಸ ಕೊಳವೆಯಲ್ಲಿ ನುಗ್ಗುವ ಒತ್ತಡದ ಗಾಳಿಯದು.

ಎಲ್ಲವನ್ನೂ ಒಟ್ಟಿಗೆ ಹಾರಿಸಿದರೆ ಆಯ್ತು, ಅಲ್ವಾ? ಆದರೆ ದಾಸ್ತಾನು ಎಷ್ಟಿತ್ತು ನೋಡಿ. ಒಂದು ಕ್ಯಾನನ್ನಿಗೆ ಬರೀ 60 ಶೆಲ್. ನಿಮಿಷಕ್ಕೆ 600ರಂತೆ ಹಾರಿದರೆ ಆರೇ ಸೆಕೆಂಡು. ಮೆಷಿನ್ ಗನ್ನಿಗೆ 350 ಗುಂಡು, ಅಂದರೆ ಸುಮಾರು 18 ಸೆಕೆಂಡು. ಹಾಗಂತ ಕ್ಯಾನನ್ ಬಿಡೋ ಹಾಗೂ ಇಲ್ಲ. ಮೆಷಿನ್ ಗನ್ನಿನ ಗುಂಡು 11 ಗ್ರಾಂ ತೂಗಿದರೆ ಕ್ಯಾನನ್ನಿನದು 130 ಗ್ರಾಂ ಆಸುಪಾಸು. ಜೊತೆಗೆ ಒಳಗೆ ಸಿಡಿಮದ್ದು ಬೇರೆ.

ಹಾಗಾಗಿ ಮೊದಲು ಮೆಷಿನ್ ಗನ್ನಿಂದ ಗುರಿ ನೋಡಿಕೊಂಡು ಆಮೇಲೆ ಕ್ಯಾನನ್ ಹಾರಿಸುವ ಯೋಚನೆ ಯಾರಿಗಾದರೂ ಬರುತ್ತದೆ. ನನಗೆ ಇದು ಅರ್ಧ ಜಾಣತನ ಅನ್ನಿಸುತ್ತದೆ. ಜಪಾನಿನ ಝೀರೋ ವಿಮಾನವನ್ನೇ ತಗೊಳ್ಳಿ. ಅದರ 7.7 ಮಿಲಿಮೀಟರ್ ಗುಂಡು ಸೆಕೆಂಡಿಗೆ 700 ಮೀಟರಿಗೂ ಜಾಸ್ತಿ ವೇಗದಲ್ಲಿ ಹೊರಡುತ್ತಿತ್ತು. ಶುರುವಿನ ಮಾದರಿಯ ಕ್ಯಾನನ್ ಶೆಲ್ಲಿನ ವೇಗ 600 ಮೀಟರ್. ತಡವಾಗಿ ತಲುಪುವ ಶೆಲ್ಲನ್ನು ಭೂಮಿ ಅಷ್ಟೇ ಹೆಚ್ಚು ಹೊತ್ತು ಕೆಳಗೆಳೆಯುತ್ತದೆ. ಅಷ್ಟರಲ್ಲಿ ಎದುರಿನ ವಿಮಾನವೂ ಮುಂದೆ ಹೋಗಿರುತ್ತದೆ. ಗುಂಡು ತಾಗಿದ ಕಡೆಯೇ ಶೆಲ್ಲೂ ತಾಗುತ್ತದೆ ಅನ್ನೋದು ತೀರಾ ಹತ್ತಿರದಿಂದ ಹೊಡೆದಾಗ ಮಾತ್ರ ನಿಜ.

ಯುದ್ಧದ ನಂತರ ಬಂದ ಮಿಗ್-15ರಲ್ಲಿ 37 ಮಿಲಿಮೀಟರಿನ ಒಂದು, 23ರ ಎರಡು ಕ್ಯಾನನ್ ಇದ್ದವು. ದೊಡ್ಡದಕ್ಕೆ 40 ಶೆಲ್ ಅಷ್ಟೇ. ಬಾಂಬರ್ ಉರುಳಿಸಲು ಅದು ಸರಿ. ಕೊರಿಯಾದ ಆಕಾಶದಲ್ಲಿ ಗಿರಕಿ ಹೊಡೆಯುವ ಅಮೆರಿಕದ ಸೇಬರ್ ವಿಮಾನಗಳಿಗೆ ಅದು ಶೆಲ್ ಹಾರಿಸುವ ವೇಗ ಸಾಲದು.

ಈಗಿನ ಫೈಟರ್‌ಗಳಲ್ಲಿ ಸಾಮಾನ್ಯವಾಗಿ ಇರೋದೇ ಒಂದು ಗನ್. ಆದರೂ ಆಯ್ಕೆ ಪೂರ್ತಿ ಹೋಗಿಲ್ಲ. ಟೊರ್ನೆಡೋ ವಿಮಾನದ 27 ಮಿಲಿಮೀಟರ್ ಮೌಸರ್ ಗನ್ನಿಗೆ ಎರಡು ವೇಗ: ನಿಮಿಷಕ್ಕೆ 1000 ಅಥವಾ 1700. ಆಕಾಶದಲ್ಲಿ ಗುರಿ ಕಣ್ಣಿಗೆ ಸಿಗೋದೇ ಕ್ಷಣಮಾತ್ರ, ಅಷ್ಟರೊಳಗೆ ಆದಷ್ಟು ಶೆಲ್ ಸುರಿಯಬೇಕು. ನೆಲದ ಗುರಿಗೆ ಕಡಿಮೆ ವೇಗವೇ ಸಾಕು. ಎಫ್-16ರ ಆರು ನಳಿಗೆಯ ಗನ್ ನಿಮಿಷಕ್ಕೆ 6000 ಉಗುಳುತ್ತದೆ. ಒಳಗಿರೋದು 511. ಕುದುರೆ ಬಿಡದೆ ಒತ್ತಿ ಹಿಡಿದರೆ ಐದು ಸೆಕೆಂಡಿಗೆ ಖಾಲಿ.